ಅಂಗಳದ ಚೇಂಬರು ಮತ್ತು ಮೂರನೆಯ ಅಡಿಕೆ

ನೀರು ಎತ್ತ ಹರಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿರಸಿಯ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ಭೂಗೋಳ ಕಲಿಸಿದವನು ನಾನು. ಮುಂಬಯಿ ಸರಕಾರ ಇದ್ದಾಗಲೂ ಕಲಿಸಿದೆ, ಮೈಸೂರು ಸರಕಾರ ಬಂದ ಮೇಲೂ ಕಲಿಸಿದೆ. ಸರಕಾರ ಬದಲಾದರೂ ನದಿಗಳು ದಿಕ್ಕು ಬದಲಿಸಲಿಲ್ಲವಾದ್ದರಿಂದ ನಾನು ಟಿಪ್ಪಣಿ ಪುಸ್ತಕ ಬದಲಿಸಬೇಕಾಗಲಿಲ್ಲ. ನಮ್ಮ ಸೀಮೆಯಲ್ಲಿ ದಿಬ್ಬದ ಆಚೆ ಬಿದ್ದ ಹನಿ ಅಘನಾಶಿನಿ ಸೇರಿ ಪಡುವಣ ಸಮುದ್ರಕ್ಕೆ ಹೋಗುತ್ತದೆ, ಈಚೆ ಬಿದ್ದ ಹನಿ ವರದೆ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತದೆ ಎಂದು ನಾನು ಎರಡೂ ಕೈ ಚಾಚಿ ಹೇಳಿದರೆ ಹಿಂದಿನ ಬೆಂಚಿನವರೂ ನಿದ್ದೆಯಿಂದ ಎದ್ದು ನೋಡುತ್ತಿದ್ದರು. ಇಂಥವನಿಗೆ ಇಪ್ಪತ್ತು ಮೊಳದ ಅಂಗಳದ ನೀರು ಒಂದು ಲೆಕ್ಕವೇ? ಲೆಕ್ಕವೇ ಅಲ್ಲ ಎಂದುಕೊಂಡೆ. ಶುರುವಾದದ್ದು ಅಲ್ಲಿಂದ.

ಮುಂದೆ ಹೋಗುವ ಮೊದಲು ಒಂದು ಮಾತು. ಮಾಸ್ತರರಿಗೆ ಬೇಗ ಸಿಟ್ಟು ಬರುತ್ತದೆ ಎಂದು ಊರಿನಲ್ಲಿ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಬರಬೇಕಾದರೆ ಹೋಗಿರಬೇಕಲ್ಲ! ನನ್ನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಇದನ್ನು ಬರೆಯುವಾಗಲೂ ಇಲ್ಲೇ, ಲೇಖಣಿಯ ಪಕ್ಕದಲ್ಲೇ ಕೂತಿದೆ.

ನಮ್ಮ ಮನೆ ರಸ್ತೆಗೆ ತಾಗಿಯೇ ಇತ್ತು. ರಸ್ತೆಯಿಂದ ಮೂರು ಮೆಟ್ಟಿಲು ಇಳಿದರೆ ಅಂಗಳ. ಈ ಮೂರು ಮೆಟ್ಟಿಲನ್ನು ದಯವಿಟ್ಟು ನೆನಪಿಡಿ, ನಾನು ಇಡಲಿಲ್ಲ. ಅಂಗಳದ ಎಡಗಡೆ ಬಾವಿ. ಅದು ನಮ್ಮೊಬ್ಬರ ಬಾವಿಯಲ್ಲ, ಎರಡು ಮನೆಯ ಗಡಿಯ ಮೇಲಿನದು. ನಡುವಿನ ಪಾಗಾರದ ಗೋಡೆ ಬಾವಿಯವರೆಗೆ ಬಂದು ನಿಂತು, ಬಾವಿ ದಾಟಿ ಮತ್ತೆ ಶುರುವಾಗುತ್ತಿತ್ತು. ನಾವು ಈಚೆಯಿಂದ ನೀರು ಸೇದಿದರೆ ಪಕ್ಕದ ಮನೆಯ ಚನ್ನಬಸಪ್ಪನವರು ಆಚೆಯಿಂದ ಸೇದುತ್ತಿದ್ದರು. ಅವರು ಬನವಾಸಿ ಕಡೆಯವರು. ಪೇಟೆಯಲ್ಲಿ ಮೆಣಸಿನಕಾಯಿ, ಬೆಲ್ಲದ ಅಂಗಡಿ ಇಟ್ಟಿದ್ದರು. ಬಹಳ ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ, ಒಳ್ಳೆಯವರ ಮೇಲೆ ಮಾಡಲು ಎರಡು ಪಟ್ಟು ಶಕ್ತಿ ಬೇಕು.

ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ನನ್ನ ಹೆಂಡತಿ ಭಾಗೀರಥಿ ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು, ಅಂಗಳದ ನಡುವಿನಿಂದ ಹಿತ್ತಲಿನವರೆಗೆ ಒಂದು ಗೇಣು ಅಗಲದ ಅಗಳು ತೋಡುತ್ತಿದ್ದಳು. ಮಳೆ ನೀರು ಅದರಲ್ಲಿ ಹರಿದು ಹಿತ್ತಲಿಗೆ ಹೋಗುತ್ತಿತ್ತು. ಅವಳಿಗೆ ಇದನ್ನು ಕಲಿಸಿದವಳು ನನ್ನ ತಾಯಿ, ಆಯಿ. ಆಯಿಗೆ ಓದು ಬರುತ್ತಿರಲಿಲ್ಲ. ಈ ಕತೆಯ ಹಿಂದಿನ ವರ್ಷ ನಾನು ಒಂದು ಸೈಕಲ್ಲು ಕೊಂಡೆ. ಅದನ್ನು ಜಗಲಿಗೆ ತರುವಾಗ ಈ ಅಗಳಿನ ಮೇಲೆ ಚಕ್ರ ಧಡಕ್ಕೆಂದು ಕುಣಿದು, ಗಂಟೆ ತನ್ನಷ್ಟಕ್ಕೆ ಬಾರಿಸುತ್ತಿತ್ತು. ನಾಲ್ಕು ಬುಟ್ಟಿ ಮಣ್ಣು ಹಾಕಿ ಆ ಜಾಗವನ್ನು ಸಮ ಮಾಡಿದೆ. ಇದು ಒಂದು ಸಣ್ಣ ವಿಷಯ. ಆ ಮಳೆಗಾಲದಲ್ಲಿ ಬಾವಿಯ ನೀರು ಕೆಂಪಾಯಿತು. ಅದು ಬೇರೆ ವಿಷಯ.

ಮರುವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಚನ್ನಬಸಪ್ಪನವರು ಬಾವಿಯ ಆಚೆಯಿಂದ ಕರೆದರು.

"ಮಾಸ್ತರ್ರ, ನಮ್ಮ ಗಿರಿಜಾ ಹೆರಿಗಿಗೆ ಬಂದಾಳ್ರಿ. ಚೊಚ್ಚಲ."

"ಸಂತೋಷ" ಎಂದೆ.

"ಹೋದ ವರ್ಷ ನಿಮ್ಮ ಅಂಗಳದ ರಾಡಿ ಬಾವ್ಯಾಗ ಇಳೀತು. ನಾವೇನ ಅಂದ್ವೇನ್ರಿ? ಏನೂ ಅನ್ಲಿಲ್ಲ. ಈ ಸಲ ಮಳಿಗಾಲಕ್ಕ ಮನ್ಯಾಗ ಬಾಣಂತಿ, ಹಸುಗೂಸು ಇರ್ತಾವ. ನೀರೊಂದ ಸ್ವಚ್ಛ ಇರೂ ಹಂಗ ನೋಡ್ಕೊಳ್ರಿ, ನಿಮಗ ಪುಣ್ಯ ಬರ್ತೈತಿ."

ಇದರಲ್ಲಿ ಸಿಟ್ಟು ಬರುವಂಥದ್ದು ಏನೂ ಇಲ್ಲ ಎಂದು ನೀವು ಹೇಳಬಹುದು. ಹನ್ನೊಂದು ವರ್ಷ ಭೂಗೋಳ ಕಲಿಸಿದವನಿಗೆ ಮೆಣಸಿನಕಾಯಿ ವ್ಯಾಪಾರಿ ನೀರಿನ ವಿಷಯ ಹೇಳುವುದೆಂದರೇನು? 'ನಿಮ್ಮ ಅಂಗಳದ ರಾಡಿ' ಅಂತೆ! ಮಳೆ ನನ್ನ ಅಂಗಳದಲ್ಲಿ ಮಾತ್ರ ಬೀಳುತ್ತದೆಯೇ? "ಚನ್ನಬಸಪ್ಪನವರೇ, ಈ ಮಳೆಗಾಲದಲ್ಲಿ ನಿಮ್ಮ ಬಾಣಂತಿಗೆ ಗಾಜಿನಂಥ ನೀರು ಸಿಗದಿದ್ದರೆ ನನ್ನನ್ನು ಮಾಸ್ತರ ಎಂದು ಕರೆಯಬೇಡಿ" ಎಂದು ಬಾವಿಕಟ್ಟೆಯ ಮೇಲೆ ಕೈ ಇಟ್ಟು ಹೇಳಿ ಒಳಗೆ ಬಂದೆ.

ಒಳಗೆ ಭಾಗೀರಥಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅವ್ವು ಹೇಳಿದ್ದು ಸಮಾ ಇದ್ದು. ಬಾಣಂತಿ ಕುಡಿಯ ನೀರು, ಹುಡುಗಾಟಿಕೆ ಅಲ್ಲ. ಅಗಳನ್ನ ಸಮಾ ಬಿಡಿಸಿಕೊಟ್ರೆ ಆತು" ಎಂದಳು.

"ಅಗಳು! ಇನ್ನೂ ಎಷ್ಟು ವರ್ಷ ಮಣ್ಣು ಕೆರೀತೆ? ಆನು ಚೇಂಬರು ಮಾಡ್ತೆ."

"ಎಂತ ಹೇಳಿ?"

"ಚೇಂಬರು!"

ಚೇಂಬರನ್ನು ನಾನು ನೋಡಿದ್ದು ಯಲ್ಲಾಪುರದಲ್ಲಿ. ಪರೀಕ್ಷೆಯ ಕೆಲಸಕ್ಕೆ ಹೋದಾಗ ಅಲ್ಲಿ ಒಂದು ಬಂಗಲೆಯ ಅಂಗಳದಲ್ಲಿ ಸಿಮೆಂಟಿನ ಚೌಕ ಗುಂಡಿ ಇತ್ತು. ಮೇಲೆ ಕಬ್ಬಿಣದ ಜಾಳಿಗೆ. ಅಕಾಲದಲ್ಲಿ ಒಂದು ಮಳೆ ಬಂದಾಗ ಅಂಗಳದ ನೀರೆಲ್ಲ ಓಡಿ ಬಂದು ಜಾಳಿಗೆಯೊಳಗೆ ಇಳಿದು ಗುಳುಗುಳು ಎಂದು ಮಾಯವಾಯಿತು. ಕಸ ಜಾಳಿಗೆಯ ಮೇಲೆ, ಮಣ್ಣು ಗುಂಡಿಯ ತಳದಲ್ಲಿ, ನೀರು ಮಾತ್ರ ಕೊಳವೆಯಲ್ಲಿ ಹೊರಗೆ. ನಾನು ಜಗಲಿಯಲ್ಲಿ ನಿಂತು ಅರ್ಧ ತಾಸು ನೋಡಿದೆ. ಉತ್ತರಪತ್ರಿಕೆ ಎಣಿಸುವುದೂ ಮರೆತುಹೋಯಿತು. ನಾಗರಿಕತೆ ಎಂದರೆ ಇದು ಎನಿಸಿತು. ಆ ಬಂಗಲೆ ಗುಡ್ಡದ ಮೇಲಿತ್ತು ಎಂಬ ಕ್ಷುಲ್ಲಕ ಸಂಗತಿಯನ್ನು ನಾನು ಗಮನಿಸಲಿಲ್ಲ.

ಸಿಮೆಂಟು ಆಗ ಪರ್ಮಿಟ್ಟಿನ ವಸ್ತು. ಅರ್ಜಿ ಹಿಡಿದು ಒಂದು ತಿಂಗಳು ಅಲೆದೆ. ಅರ್ಜಿಯಲ್ಲಿ 'ಸಾರ್ವಜನಿಕ ಆರೋಗ್ಯ' ಎಂಬ ಮಾತನ್ನು ಎರಡು ಸಲ, 'ಬಾಣಂತಿ' ಎಂಬ ಮಾತನ್ನು ನಾಲ್ಕು ಸಲ ಬರೆದಿದ್ದೆ. ಒಂದು ಚೀಲ ಸಿಕ್ಕಿತು. ಸಿದ್ದಾಪುರದಿಂದ ಬಸ್ಸಿನ ಮೇಲೆ ಹಾಕಿಸಿ ಮಣ್ಣಿನ ಕೊಳವೆ ತರಿಸಿದೆ. ಗುಜರಿಯಲ್ಲಿ ಹಳೆಯ ಕಿಟಕಿಯ ಸರಳು ಹುಡುಕಿ ಜಾಳಿಗೆ ಮಾಡಿಸಿದೆ. ಇಷ್ಟಾದ ಮೇಲೆ ಗೌಂಡಿ ಗಣಪನನ್ನು ಕರೆದೆ.

ಗಣಪ ಅಂಗಳವನ್ನು ಒಮ್ಮೆ ನೋಡಿದ. ಬಾವಿಕಟ್ಟೆಯ ಬುಡವನ್ನು ನೋಡಿದ. ಅಲ್ಲಿ ಚಿರೇಕಲ್ಲಿನ ಸಂದಿಯಲ್ಲಿ ಎರಡು ಬೆರಳು ಹೋಗುವಷ್ಟು ಬಿರುಕಿತ್ತು.

"ಮಾಸ್ತರೆ, ನೀರು ಬಾವಿಗೆ ಇಳಿಯುದು ಇಲ್ಲಿಂದ. ನಾಲ್ಕು ಕರಣೆ ಸಿಮೆಂಟು ಹಾಕಿ ಮೆತ್ತಿಬಿಡ್ತೇನೆ. ಮಧ್ಯಾಹ್ನದೊಳಗೆ ಮುಗೀತದೆ."

"ಗಣಪ, ರೋಗದ ಮೂಲ ಬಿಟ್ಟು ಗಾಯಕ್ಕೆ ಪಟ್ಟಿ ಕಟ್ಟುವವ ನಾನಲ್ಲ. ಸಿಮೆಂಟು ಇರುವುದು ಚೇಂಬರಿಗೆ!"

"ಆಯ್ತು ಮಾರಾಯ್ರೆ. ಹಾಗಾದ್ರೆ ರಸಮಟ್ಟ ತರ್ತೇನೆ. ದಾರ ಹಿಡಿದು, ಅಂಗಳ ಎತ್ತ ಇಳಿಜಾರು ಇದ್ದದೆ ನೋಡ್ವಾ."

"ರಸಮಟ್ಟ ಓದದವರಿಗೆ" ಎಂದೆ.

ನಮ್ಮ ಸೀಮೆಯಲ್ಲಿ ಅಡಿಕೆ ಮಾಡದ ಕೆಲಸವಿಲ್ಲ. ಮದುವೆಗೆ ಕರೆಯಲು ಅಡಿಕೆ, ಜಗಳ ಮುಗಿಸಲು ಅಡಿಕೆ, ಪೂಜೆಯಲ್ಲಿ ಅಕ್ಕಿಯ ಮೇಲೆ ಗಣಪತಿಯಾಗಿ ಕೂರಲೂ ಅಡಿಕೆಯೇ. ಅಂಗಳದ ಇಳಿಜಾರು ನೋಡಲು ಮಾತ್ರ ಬೇಡವೇ? ಎಲೆಯಡಿಕೆಯ ಕವಳದ ಬಟ್ಟಲಿನಿಂದ ಮೂರು ಇಡಿ ಅಡಿಕೆ ಆರಿಸಿ ತಂದು, ಸಗಣಿ ಸಾರಿಸಿದ ಅಂಗಳದ ನಡುವೆ ಕುಕ್ಕರುಗಾಲಿನಲ್ಲಿ ಕುಳಿತೆ. ಭಾಗೀರಥಿ ಬಾಗಿಲಲ್ಲಿ ನಿಂತಳು. ಗಣಪ ಬೀಡಿ ಹಚ್ಚಿದ.

ಮೊದಲನೆಯ ಅಡಿಕೆ ನಿಧಾನವಾಗಿ ಉರುಳಿ ಹಿತ್ತಲಿನ ಕಡೆ ಹೋಗಿ, ಭಾಗೀರಥಿಯ ಹಳೆಯ ಅಗಳಿನಲ್ಲಿ ಬಿತ್ತು. ಆ ಅಡಿಕೆ ಸ್ವಲ್ಪ ಸೊಟ್ಟ ಇತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯದು ಅರ್ಧ ದೂರ ಹಿತ್ತಲಿನ ಕಡೆ ಹೋಗಿ, ಅಲ್ಲಿ ನಾನು ಸೈಕಲ್ಲಿಗಾಗಿ ಮಣ್ಣು ಹಾಕಿದ ಜಾಗ ತಾಗಿ, ತಿರುಗಿ, ಬಾವಿಕಟ್ಟೆಯ ಬುಡಕ್ಕೆ ಹೋಗಿ ನಿಂತಿತು. ಅದಕ್ಕೆ ತಳ ಚಪ್ಪಟೆ. ಅದನ್ನೂ ಬಿಟ್ಟೆ. ಮೂರನೆಯದನ್ನು ರಸ್ತೆಯ ಕಡೆಗೆ ಮುಖ ಮಾಡಿ ಬಿಟ್ಟೆ. ಕೈ ಸ್ವಲ್ಪ ಜೋರಾಯಿತು, ನಿಜ. ಅದು ಬಾಣದ ಹಾಗೆ ಹೋಗಿ ರಸ್ತೆಯ ಪಾಗಾರಕ್ಕೆ ಟಪ್ಪೆಂದು ಹೊಡೆಯಿತು.

"ನೋಡಿದೆಯಾ! ಇಳಿಜಾರು ರಸ್ತೆಯ ಕಡೆಗೆ!" ಎಂದು ಎದ್ದು ನಿಂತೆ.

"ಅದನ್ನ ನಿಂಗ ಒಗದ್ರಿ" ಎಂದಳು ಭಾಗೀರಥಿ.

ವಿಜ್ಞಾನಿಗಳಿಗೆ ಮನೆಯಲ್ಲಿ ಯಾವತ್ತೂ ಮರ್ಯಾದೆ ಇಲ್ಲ. ಚೇಂಬರಿನ ಜಾಗ ರಸ್ತೆಯ ಪಾಗಾರದ ಮೂಲೆಯಲ್ಲಿ ಎಂದು ನಿಶ್ಚಯವಾಯಿತು. ಪಾಗಾರದ ಹೊರಗೆ ರಸ್ತೆ, ರಸ್ತೆಯ ಬದಿಗೆ ಗಟಾರ. ಗುಂಡಿಯಿಂದ ಗಟಾರಕ್ಕೆ ಕೊಳವೆ. ಕೊಳವೆ ಇಡುವ ಹೊತ್ತಿಗೆ ಗಣಪ ಮತ್ತೆ ತಲೆ ಕೆರೆದುಕೊಂಡ.

"ಮಾಸ್ತರೆ, ಗಟಾರ ಮೇಲೆ ಉಂಟು, ಗುಂಡಿ ಕೆಳಗೆ ಉಂಟು. ಕೊಳವೆ ಮೇಲ್ಮುಖ ಆಗ್ತದೆ."

ನನಗೆ ಕೋಪ ನೆತ್ತಿಗೇರಿತು. ಎಷ್ಟು ಸಲ ಎಂದು ಹೇಳುವುದು! ತಾಳ್ಮೆಯಿಂದ, ಎಂದರೆ ಎರಡು ಬೀದಿಗೆ ಕೇಳುವಷ್ಟೇ ಧ್ವನಿಯಲ್ಲಿ, ನೀರಿನ ನಿಯಮವನ್ನು ಅವನಿಗೆ ವಿವರಿಸಿದೆ: ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ, ಗುಂಡಿ ತುಂಬಿದಂತೆ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಾಗ ನೀರು ಕೊಳವೆಯಲ್ಲಿ ಮೇಲೇರಿ ಗಟಾರಕ್ಕೆ ಹಾರುತ್ತದೆ. ಗಣಪ ಕೊನೆಯವರೆಗೂ ಕೇಳಿ, "ಓದಿದವರು ನೀವು" ಎಂದು ಕೊಳವೆ ಇಟ್ಟು ಸಿಮೆಂಟು ಮೆತ್ತಿದ. ಅವನು ಹಾಗೆ ಹೇಳಿದ ಧಾಟಿಯನ್ನು ನಾನು ಆಗ ಹೊಗಳಿಕೆ ಎಂದೇ ತಿಳಿದಿದ್ದೆ.

ಕೆಲಸ ಮುಗಿದ ಸಂಜೆ ನಾನೇ ಗುದ್ದಲಿ ತಗೊಂಡು ಭಾಗೀರಥಿಯ ಅಗಳನ್ನು ಈ ತುದಿಯಿಂದ ಆ ತುದಿಯವರೆಗೆ ಮುಚ್ಚಿ, ಮಣೆಯಿಂದ ಬಡಿದು ಗಟ್ಟಿ ಮಾಡಿದೆ. ಆಯಿಯ ಕಾಲದ ಅಗಳು ಅಲ್ಲಿಗೆ ಮುಗಿಯಿತು. ಭಾಗೀರಥಿ ಗುದ್ದಲಿಯನ್ನು ತೊಳೆದು, ಅಟ್ಟಕ್ಕೆ ಹಾಕದೆ, ಬಾಗಿಲ ಹಿಂದೆ ನಿಲ್ಲಿಸಿದಳು.

ಗಿರಿಜೆಗೆ ಹೆಣ್ಣು ಮಗುವಾಯಿತು. ಮಗುವಿಗೆ ಹತ್ತು ದಿನವಾದಾಗ ಜೂನಿನ ಮಳೆ ಹಿಡಿಯಿತು. ಆ ದಿನ ಭಾನುವಾರ. ಬೆಳಿಗ್ಗೆಯೇ ಪಡುವಣ ಕಪ್ಪಾಯಿತು. ನಾನು ಚನ್ನಬಸಪ್ಪನವರನ್ನು ಕೂಗಿ ಕರೆದೆ.

"ಬನ್ನಿ! ಚೇಂಬರಿನ ಕೆಲಸ ನೋಡಿ!"

ಅವರು ಕೊಡೆ ಹಿಡಿದು ರಸ್ತೆಗೆ ಬಂದು, ನಮ್ಮ ಮೂರು ಮೆಟ್ಟಿಲು ಇಳಿದು ಅಂಗಳಕ್ಕೆ ಬಂದರು. ನಾನು ಕಂಬಳಿ ಕೊಪ್ಪೆ ಹಾಕಿಕೊಂಡು ಚೇಂಬರಿನ ಪಕ್ಕದಲ್ಲಿ ನಿಂತು, ತರಗತಿಯಲ್ಲಿ ನಕಾಶೆ ತೋರಿಸುವ ಕೋಲನ್ನು ಕೈಯಲ್ಲಿ ಹಿಡಿದಿದ್ದೆ. ಮಳೆ ಸುರಿಯಿತು. ಚೇಂಬರಿನ ಹತ್ತಿರದ ನೀರೆಲ್ಲ ಓಡಿ ಬಂತು, ಜಾಳಿಗೆಯೊಳಗೆ ಇಳಿಯಿತು. ಗುಳುಗುಳು! ಅದೇ ಯಲ್ಲಾಪುರದ ಸದ್ದು! ನನ್ನ ಮೈಯೆಲ್ಲ ಪುಳಕಗೊಂಡಿತು.

"ಭಾಳ ಛಲೋ ಐತ್ರಿ" ಎಂದರು ಚನ್ನಬಸಪ್ಪನವರು. "ಎಲ್ಲಿ ಹೋಗ್ತೈತ್ರಿ ಈ ನೀರು?"

"ಗಟಾರಕ್ಕೆ. ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ, ನದಿಯಿಂದ ಸಮುದ್ರಕ್ಕೆ" ಎಂದು ಕೋಲಿನಿಂದ ದಿಕ್ಕು ತೋರಿಸಿದೆ.

ಒಂದು ಗಳಿಗೆಯಾಯಿತು. ಗುಳುಗುಳು ನಿಂತಿತು. ಜಾಳಿಗೆಯ ಬಾಯಲ್ಲಿ ನೀರು ಸುಮ್ಮನೆ ನಿಂತಿತು.

"ಈಗ ಒತ್ತಡ ಶುರುವಾಗುತ್ತದೆ" ಎಂದೆ.

ಶುರುವಾಯಿತು. ಜಾಳಿಗೆಯ ನಡುವಿನಿಂದ ಒಂದು ಈರುಳ್ಳಿ ಸಿಪ್ಪೆ ಮೇಲೆ ಬಂತು. ನಾವು ಆ ವಾರ ಈರುಳ್ಳಿ ತಂದಿರಲಿಲ್ಲ. ಅದರ ಹಿಂದೆ ಒಂದು ಬೀಡಿಯ ತುಂಡು. ನಮ್ಮ ಮನೆಯಲ್ಲಿ ಬೀಡಿ ಸೇದುವವರಿಲ್ಲ. ಆಮೇಲೆ ಹುಲ್ಲು, ಎತ್ತಿನ ಸಗಣಿ, ಕೊಳೆತ ಬದನೆಕಾಯಿ. ಹಿಂದಿನ ದಿನವಷ್ಟೇ ಮೇಲಿನ ರಸ್ತೆಯಲ್ಲಿ ಸಂತೆಯ ಗಾಡಿಗಳು ನಿಂತಿದ್ದವು. ಮಳೆಗೆ ಆ ಕಸವೆಲ್ಲ ಗಟಾರಕ್ಕೆ ಬಂದು, ಗಟಾರ ತುಂಬಿ, ತಗ್ಗಿನಲ್ಲಿ ಒಂದು ಕೊಳವೆ ಬಾಯಿ ತೆರೆದು ಕಾಯುತ್ತಿರುವುದನ್ನು ಕಂಡು, ಅದರೊಳಗೆ ನುಗ್ಗಿ ನಮ್ಮ ಮನೆಗೆ ಬಂದಿತ್ತು. ನೀರು ತನ್ನ ಮಟ್ಟ ಹುಡುಕಿಕೊಂಡಿತು. ಅದು ನಮ್ಮ ಅಂಗಳದಲ್ಲಿತ್ತು!

ಚನ್ನಬಸಪ್ಪನವರು ಬಗ್ಗಿ, ತೇಲಿ ಬಂದ ಕಂದು ತೊಟ್ಟುಗಳನ್ನು ನೋಡಿ, "ಇವು ನಮ್ಮ ಅಂಗಡೀವ ಅದಾವ್ರಿ. ಬ್ಯಾಡಗಿ ಮೆಣಸಿನಕಾಯಿ ತೊಟ್ಟು" ಎಂದರು.

"ಈಗ ಅದು ಮುಖ್ಯವೇ?" ಎಂದು ಗದರಿದೆ.

ನೀರು ಬುಗ್ಗೆಯಂತೆ ಉಕ್ಕತೊಡಗಿತು. ಜಾಳಿಗೆ ಒಂದು ಕಡೆಯಿಂದ ಎದ್ದಿತು. ಗೋಣಿಚೀಲ ತಂದು ಗುಂಡಿಯೊಳಗೆ ತುರುಕಿದೆ. ಚೀಲ ತಿರುಗಿ ಬಂತು. ಕಂಬಳಿ ಬಿಚ್ಚಿ ತುರುಕಿದೆ. ಕಂಬಳಿಯೂ ತಿರುಗಿ ಬಂತು, ಸಂತೆಯ ವಾಸನೆ ಹೊತ್ತು. ಆಗ ನನಗೆ ಬಂದ ಸಿಟ್ಟು ಯಾವ ಮನುಷ್ಯನ ಮೇಲೂ ಅಲ್ಲ, ನೀರಿನ ಮೇಲೆ. ಹನ್ನೊಂದು ವರ್ಷ ಇದರ ಗುಣಗಾನ ಮಾಡಿದ್ದೇನೆ! ಜಾಳಿಗೆಯನ್ನು ಕಾಲಿನಿಂದ ಒತ್ತಿದೆ. ಆಗಲಿಲ್ಲ. ಕೊನೆಗೆ ಅದರ ಮೇಲೆ ಕುಳಿತುಬಿಟ್ಟೆ.

ಹೈಸ್ಕೂಲಿನ ಭೂಗೋಳ ಮಾಸ್ತರ, ಕೈಯಲ್ಲಿ ನಕಾಶೆಯ ಕೋಲು, ಭಾನುವಾರ ಬೆಳಿಗ್ಗೆ, ಇಡೀ ಪೇಟೆಯ ಗಟಾರವನ್ನು ತನ್ನ ಆಸನದಿಂದ ತಡೆದು ಕುಳಿತಿದ್ದ. ನೀರು ನನ್ನ ಎರಡೂ ಪಕ್ಕದಿಂದ ಹೊರಟಿತು.

"ಮಾಸ್ತರ್ರ, ಏಳ್ರಿ" ಎಂದರು ಚನ್ನಬಸಪ್ಪನವರು.

"ಏಳುವುದಿಲ್ಲ!"

"ಏಳಬ್ಯಾಡ್ರಿ. ಬಾವಿ ಕಡೆ ನೋಡ್ರಿ."

ನೋಡಿದೆ. ಹಿತ್ತಲಿಗೆ ಹೋಗುವ ಅಗಳು ಇಲ್ಲ. ಅದನ್ನು ಮಣೆ ತಗೊಂಡು ಬಡಿದವನು ನಾನೇ. ದಾರಿ ಕಾಣದ ಕಪ್ಪು ನೀರು ಅಂಗಳ ತುಂಬಿ, ಎರಡನೆಯ ಅಡಿಕೆ ಹೋದ ದಾರಿಯಲ್ಲೇ ಹೋಗಿ, ಬಾವಿಕಟ್ಟೆಯ ಬುಡದ ಬಿರುಕಿನೊಳಗೆ ಇಳಿಯುತ್ತಿತ್ತು. ಅಲ್ಲಿಯೂ ಗುಳುಗುಳು ಎಂದೇ ಸದ್ದು. ಆಚೆ ಮನೆಯಲ್ಲಿ ಮಗು ಅಳುವುದು ಕೇಳಿಸಿತು. ಹತ್ತು ದಿನದ ಮಗು. ನನ್ನ ಸಿಟ್ಟೆಲ್ಲ ಒಂದೇ ಸಲ ಇಳಿದುಹೋಯಿತು. ಆಮೇಲೆ ಉಳಿದದ್ದು ಬರೀ ನಾಚಿಕೆ. ಸಿಟ್ಟಾದರೆ ಅಭ್ಯಾಸವಿತ್ತು, ನಾಚಿಕೆಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಭಾಗೀರಥಿ ಬಾಗಿಲ ಹಿಂದಿನ ಗುದ್ದಲಿ ಹಿಡಿದು ಅಂಗಳಕ್ಕೆ ಇಳಿದಳು. ತಲೆಯ ಮೇಲೆ ಒಂದು ಗೋಣಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ. ನನ್ನನ್ನು ನೋಡಲೂ ಇಲ್ಲ. ನಾನು ಬಡಿದು ಗಟ್ಟಿ ಮಾಡಿದ ಜಾಗದಲ್ಲಿ ಮೊದಲ ಏಟು ಹಾಕಿದಳು. ಚನ್ನಬಸಪ್ಪನವರು ಕೊಡೆ ಮಡಚಿ ಎಸೆದು, ಕೈಯಿಂದಲೇ ಮಣ್ಣು ಎತ್ತಿ ಹಾಕಿದರು. ಐದು ನಿಮಿಷ. ಹೆಚ್ಚೆಂದರೆ ಆರು. ನೀರು ಒಮ್ಮೆ ತಡೆದು ನಿಂತು, ಹಳೆಯ ದಾರಿ ನೆನಪಾದ ಹಾಗೆ ತಿರುಗಿ, ಹಿತ್ತಲಿಗೆ ಓಡಿತು.

"ಇನ್ನು ಏಳಲಕ್ಕು" ಎಂದಳು ಭಾಗೀರಥಿ ನನ್ನ ಕಡೆ ತಿರುಗಿ.

ಎದ್ದೆ. ಪಂಚೆಯ ಹಿಂಭಾಗದಲ್ಲಿ ಜಾಳಿಗೆಯ ತುಕ್ಕು ಅಚ್ಚೊತ್ತಿತ್ತು, ಉದ್ದಕ್ಕೂ ಅಡ್ಡಕ್ಕೂ, ಅಕ್ಷಾಂಶ ರೇಖಾಂಶಗಳ ಹಾಗೆ. ಆ ಪಂಚೆಯನ್ನು ಎಷ್ಟು ಒಗೆದರೂ ಅದು ಹೋಗಲಿಲ್ಲ.

ಬಾವಿ ಕೆಟ್ಟಿತು. ಒಂದು ಕೊಡ ಸೇದಿ ನೋಡಿದರೆ ಬೂದು ಬಣ್ಣ, ಮೇಲೆ ಒಂದು ಮೆಣಸಿನ ತೊಟ್ಟು. ಮಳೆಗಾಲದಲ್ಲಿ ಬಾವಿ ಬತ್ತಿಸಲು ಬರುವುದಿಲ್ಲ. ಸೇದಿದಷ್ಟೂ ಒರತೆ ಬರುತ್ತದೆ. ಸುಣ್ಣ ಹಾಕಿ, ಸೇದಿ ಸೇದಿ ಚೆಲ್ಲುತ್ತ, ತಿಳಿಯಾಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಕುಡಿಯಲು, ಬಾಣಂತಿಯ ಸ್ನಾನಕ್ಕೆ, ಮಗುವಿಗೆ?

ಚನ್ನಬಸಪ್ಪನವರು ಬೈಯುತ್ತಾರೆ ಎಂದು ಕಾದೆ. ಬೈದರೆ ನಾನೂ ಬೈಯಬಹುದು, ಮನಸ್ಸು ಹಗುರವಾಗಬಹುದು. ಆ ಮನುಷ್ಯ ಬೈಯಲಿಲ್ಲ! ಒದ್ದೆಯಾದ ಕೊಡೆಯನ್ನು ಹೆಕ್ಕಿಕೊಂಡು, ನಮ್ಮ ಮೆಟ್ಟಿಲು ಹತ್ತುತ್ತ ಮೂರನೆಯದರ ಮೇಲೆ ನಿಂತು ಹಿಂದೆ ತಿರುಗಿ ನೋಡಿದರು.

"ಮಾಸ್ತರ್ರ, ಒಂದ ಕೇಳ್ಲೇನ್ರಿ? ದಿನಾ ಶಾಲಿಂದ ಬರ್ತಾ ಈ ಮೂರ ಮೆಟ್ಲಾ ಇಳಿದ ಬರ್ತೀರಿ?"

"ಹೌದು."

"ಹತ್ತಿ ಬರಾಂಗಿಲ್ಲ?"

ಹನ್ನೊಂದು ವರ್ಷ ದಿನಕ್ಕೆರಡು ಸಲ ಇಳಿದಿದ್ದೇನೆ. ಒಂದು ವರ್ಷದಿಂದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದಿದ್ದೇನೆ. ನನ್ನ ಕಾಲಿಗೆ ಗೊತ್ತಿದ್ದ ಭೂಗೋಳ ತಲೆಗೆ ಗೊತ್ತಿರಲಿಲ್ಲ.

"ಇರ್ಲಿ ಬಿಡ್ರಿ" ಎಂದರು ಅವರು ಮೃದುವಾಗಿ. "ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರ ಹಿರೇರು." ಅಡಿಕೆಯ ಸಂಗತಿ ಅವರಿಗೆ ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಭಾಗೀರಥಿ ಗುದ್ದಲಿ ತೊಳೆಯುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಜಗಲಿಯಲ್ಲಿ ನನ್ನ ಸೈಕಲ್ಲಿನ ಪಕ್ಕ ನಾಲ್ಕು ಕೊಡ ಸಾಲಾಗಿ ಇದ್ದವು. ಎರಡು ನಮ್ಮವು. ಎರಡು ನಮ್ಮವಲ್ಲ.

"ಇವು ಯಾರವು?"

"ಬಾಣಂತಿ ಮನೆಯವು" ಎಂದಳು ಭಾಗೀರಥಿ. "ಗುಡಿ ಬಾವಿ ನೀರು ರಾಶಿ ಚೊಲೋ ಇದ್ದಡ. ಶಾಲೆಗೆ ಹೋಪದರ ಒಳಗೆ ಎರಡು ಸಲ ಹೋಗಿ ಬಂದ್ರೆ ಆತು. ಸಂಜೆಗೆ ಮತ್ತೆರಡು ಸಲ."

ನಾನು ಹೈಸ್ಕೂಲಿನ ಮಾಸ್ತರ, ನೀರು ಹೊರುವವನಲ್ಲ, ಊರಿನವರು ಏನೆಂದಾರು ಎಂದು ಹೇಳಲು ಬಾಯಿ ತೆರೆದೆ. ಪಾಗಾರದ ಆಚೆ ಮಗು ಒಮ್ಮೆ ಕುಂಯ್ ಎಂದಿತು. ಬಾಯಿ ಮುಚ್ಚಿ, ಕೊಡಗಳನ್ನು ಸೈಕಲ್ಲಿಗೆ ಕಟ್ಟಿದೆ.

ಒಂದು ತಿಂಗಳು ನೀರು ತಂದೆ. ಮಳೆಯಲ್ಲಿ, ನೆನೆಯುತ್ತ, ಮೇಲಿನಿಂದ ಬೀಳುವ ನೀರಿನ ಕೆಳಗೆ ಕೊಡದಲ್ಲಿ ನೀರು ಹೊತ್ತು! ಇದಕ್ಕಿಂತ ಸಿಟ್ಟು ಬರಿಸುವ ಕೆಲಸ ಭೂಮಿಯ ಮೇಲೆ ಇಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ, "ಏನು ಮಾಸ್ತರೆ, ಮನೆಯಲ್ಲಿ ಬಾವಿ ಇಲ್ಲವೇ?" ಎಂದು ಕೇಳುವರು. "ಇದೆ" ಎನ್ನುವೆ. ಅದರ ಮೇಲೆ ವಿವರ ಕೊಡುವ ಶಕ್ತಿ ಇರುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಸೈಕಲ್ಲು ನಿಲ್ಲಿಸಿ ಕೊಡಗಳನ್ನು ಇಳಿಸಿದರೆ ಆಯಿತಲ್ಲ ಎನ್ನಬೇಡಿ. ಆ ಮಳೆಯಲ್ಲಿ, ಮೆಟ್ಟಿಲ ಮೇಲೆ ಹಾಸಿದ ಹಲಗೆಯಿಂದ ಇಳಿಸಿ, ಜಗಲಿಯವರೆಗೂ ತಳ್ಳಿಕೊಂಡೇ ಬರಬೇಕಿತ್ತು. ಅಂಗಳದ ನಡುವೆ, ಹೊಸದಾಗಿ ತೋಡಿದ ಅಗಳಿನ ಮೇಲೆ, ಚಕ್ರ ಧಡಕ್ಕೆಂದು ಕುಣಿದು, ಗಂಟೆ ತನ್ನಷ್ಟಕ್ಕೆ ಬಾರಿಸಿ, ಪ್ರತಿ ಕೊಡದಿಂದ ಒಂದೊಂದು ಚೊಂಬು ನೀರು ಚೆಲ್ಲುತ್ತಿತ್ತು.

ಒಂದು ದಿನ ತಡೆಯಲಾಗದೆ ಕೂಗಿದೆ: "ಈ ಅಗಳನ್ನು ಇಲ್ಲಿ ನಾಲ್ಕು ಬುಟ್ಟಿ ಮಣ್ಣು ಹಾಕಿ ಮುಚ್ಚಿದ್ದೆ! ಹೋದ ವರ್ಷ ಎಷ್ಟು ಆರಾಮವಾಗಿತ್ತು!"

ಭಾಗೀರಥಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಹೇಳಿದ ಮಾತು ನನಗೇ ಕೇಳಿಸಲಿ ಎಂದು ಕಾಯುತ್ತಿದ್ದಳು ಎಂದು ಕಾಣುತ್ತದೆ. ಕೇಳಿಸಿತು. ಹೋದ ವರ್ಷ ಅಗಳು ಮುಚ್ಚಿದ್ದು. ಹೋದ ವರ್ಷ ಬಾವಿ ಕೆಂಪಾದದ್ದು. ಎರಡು ವಿಷಯವನ್ನೂ ನಾನು ಒಂದು ವರ್ಷ ಬೇರೆ ಬೇರೆ ಇಟ್ಟಿದ್ದೆ.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು. ಯುಗಾದಿ ಕಳದಾಗ ಆನು ಹೇಳಿದ್ದಿ, ಅಗಳನ್ನ ಸಮಾ ಬಿಡಿಸಿಕೊಡಿ ಹೇಳಿ. ನಿಂಗ ಚೇಂಬರು ಹೇಳ್ತಾ ಇದ್ದಿದ್ರಿ."

ಬಾವಿ ತಿಳಿಯಾದ ಮೇಲೆ ಗಣಪ ಬಂದು, ಉಳಿದಿದ್ದ ಚೂರು ಸಿಮೆಂಟಿನಿಂದ ಬಾವಿಕಟ್ಟೆಯ ಬಿರುಕು ಮೆತ್ತಿ, ಚೇಂಬರಿನ ಕೊಳವೆಯ ಬಾಯಿಯನ್ನೂ ಮುಚ್ಚಿದ. ಮಧ್ಯಾಹ್ನದೊಳಗೆ ಮುಗಿಯಿತು. ಅವನು ಹೇಳಿದ್ದೂ ಅಷ್ಟೇ ಹೊತ್ತು. ಗುಂಡಿ ಮಾತ್ರ ಉಳಿಯಿತು. ಭಾಗೀರಥಿ ಅದಕ್ಕೆ ಹಿತ್ತಲ ಮಣ್ಣು ತುಂಬಿ, ನಾಲ್ಕು ಕೆಸುವಿನ ಗೆಡ್ಡೆ ನೆಟ್ಟಳು. ನಿಂತ ನೀರೆಂದರೆ ಕೆಸುವಿಗೆ ಪ್ರಾಣ. ಮರುವರ್ಷದ ಮಳೆಗಾಲಕ್ಕೆ ಮೊರದಷ್ಟು ಅಗಲದ ಎಲೆ ಬಂದು ಚೇಂಬರೇ ಕಾಣದಾಯಿತು.

ಆ ಆಷಾಢದಲ್ಲಿ ಭಾಗೀರಥಿ ಆ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿ ಆಚೆ ಮನೆಗೂ ಕೊಟ್ಟಳು. ಸಂಜೆ ಚನ್ನಬಸಪ್ಪನವರು ಖಾಲಿ ಬಟ್ಟಲು ಹಿಡಿದು ಬಾವಿಯ ಆಚೆ ಬಂದು ನಿಂತರು. ಹೆಗಲ ಮೇಲೆ ಒಂದು ವರ್ಷದ ಮೊಮ್ಮಗಳು. ಗಿರಿಜೆ ಮಳೆಗೆ ಮತ್ತೆ ತವರಿಗೆ ಬಂದಿದ್ದಳು.

"ಅಕ್ಕಾರ, ಭಾಳ ರುಚಿ ಆಗಿತ್ರಿ!" ಎಂದು ಭಾಗೀರಥಿಗೆ ಹೇಳಿ, ನನ್ನ ಕಡೆ ತಿರುಗಿದರು. "ಮಾಸ್ತರ್ರ, ನಿಮ್ಮ ಚೇಂಬರ ಅಡ್ಡಿಯಿಲ್ರಿ. ಈ ವರ್ಷ ಇನ್ನೊಂದ ಕಟ್ಟಸ್ರಿ."

ಮಗು ನನ್ನನ್ನು ನೋಡಿ ಕೈ ತಟ್ಟಿ ನಕ್ಕಿತು. ಒಳ್ಳೆಯ ಆರೋಗ್ಯವಂತ ಮಗು. ನಾನು ತಂದ ನೀರು ಕುಡಿದದ್ದು. ಉತ್ತರವಾಗಿ ನಾಲ್ಕು ಬಿಸಿ ಮಾತು ಆಡಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಕೆಸು ಕೆಲವೊಮ್ಮೆ ಗಂಟಲು ತುರಿಸುತ್ತದೆ. ಅವರ ಮನೆಯಲ್ಲಿ ಐದು ಜನ ತಿಂದಿದ್ದರು, ಯಾರಿಗೂ ಏನೂ ಆಗಲಿಲ್ಲ. ಭಾಗೀರಥಿಗೂ ಆಗಲಿಲ್ಲ. ತುರಿಸಿದ್ದು ನನಗೊಬ್ಬನಿಗೇ!